ನವನಗರದಲ್ಲಿ ಅಮೆರಿಕಾದ ಹರದೇಶಿ–ನಾಗೇಶಿ

ಹೋದ ವಾರ ಹುಬ್ಬಳ್ಳಿಯಿಂದ ಬಾದಾಮಿಗೆ ಹೊರಟವಳು ಬಸ್ಸು ಬದಲಿಸಲು ಕುಳಗೇರಿ ಕ್ರಾಸಿನಲ್ಲಿ ಇಳಿದೆ. ಚಹಾದ ಅಂಗಡಿಯ ಹಿಂದಿನ ಹೊಲದಲ್ಲಿ ಯಾರೋ ಸೀತನಿ ಸುಡುತ್ತಿದ್ದರು. ಎಳೆಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಡುವಾಗ ಬರುವ ಆ ವಾಸನೆಗೆ ನಮ್ಮ ಕಡೆಯ ಯಾರಿಗಾದರೂ ಬಾಯಲ್ಲಿ ನೀರು ಬರುತ್ತದೆ. ನನಗೆ ಮಾತ್ರ ಹಳೆಯದೊಂದು ಚಿಂತೆ ಮರಳಿ ಬಂತು. ಕೈಯಲ್ಲಿದ್ದ ಚಹಾ ಆರಿಹೋಗುವವರೆಗೂ ನಿಂತೇ ಇದ್ದೆ. ವರ್ಷಗಳ ಹಿಂದೆ ನೋರಾ ಮತ್ತು ಡೇಲ್ ಎಂಬ ಗಂಡಹೆಂಡತಿ ನಮ್ಮ ಮನೆಯ ಮಹಡಿಯಲ್ಲಿದ್ದ ಆ ಚಳಿಗಾಲ ಪೂರ್ತಿ ನಾನು ಹೀಗೆಯೇ ಇದ್ದೆ.

ಚಿಂತೆ ಮಾಡುವುದು ನನ್ನ ಹುಟ್ಟುಗುಣ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವರ ಪೈಕಿ ನಾನು. ಆಗ ನವನಗರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆ ಬಾದಾಮಿಯಲ್ಲಿ, ದಿನವೂ ರೈಲಿನಲ್ಲಿ ಓಡಾಟ. ನನ್ನ ಯಜಮಾನರು ವಿಜಯಪುರದಲ್ಲಿ ನೌಕರಿಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಮಹಡಿಯ ಎರಡು ಕೋಣೆ ಖಾಲಿ ಬಿದ್ದಿದ್ದವು. ಇಳಕಲ್ಲಿನ ನದಾಫ್ ಸರ್, ನಮ್ಮ ಕಾಲೇಜಿನ ಕನ್ನಡದ ಮೇಷ್ಟ್ರು, ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಶೈಲಾ ಮೇಡಂ, ಅಮೆರಿಕಾದಿಂದ ಗಂಡ ಹೆಂಡ್ತಿ ಬಂದಾರ್ರಿ. ಜಾನಪದ ಹಾಡೂ ಮಂದಿ. ಒಂದೆರಡ ತಿಂಗಳ ಬಾದಾಮ್ಯಾಗ ಇರ್ತಾರಂತ. ಲಾಡ್ಜಿನ್ಯಾಗ ಅವರ ಹಾಡಿಗಿ ತಕರಾರ ಮಾಡಾಕತ್ತಾರ. ನಿಮ್ಮ ಮ್ಯಾಲಿನ ಖೋಲಿ ಕೊಡ್ರಿ" ಎಂದರು.

ಹೂಂ ಅಂದುಬಿಟ್ಟೆ. ಅಂದ ಮೇಲೆ ಅವರು ಊಟಕ್ಕೆ ಏನು ಮಾಡುತ್ತಾರೆ, ನಮ್ಮ ನೀರು ಅವರಿಗೆ ಒಗ್ಗುತ್ತದೋ ಇಲ್ಲವೋ, ಓಣಿಯವರು ಏನನ್ನುತ್ತಾರೋ ಎಂದು ಆ ರಾತ್ರಿ ನಿದ್ದೆಗೆಟ್ಟೆ.

ಅವರೇನೂ ನನಗೆ ಕಷ್ಟ ಕೊಡಲಿಲ್ಲ. ತಮ್ಮ ದೇಶದ ಗುಡ್ಡಗಾಡು ಸೀಮೆಯ ಹಳೆಯ ಹಾಡುಗಳನ್ನು, ತಾವೇ ಕಟ್ಟಿದ ಹೊಸ ಹಾಡುಗಳನ್ನು ಊರೂರಿಗೆ ಹೋಗಿ ಹಾಡುವುದು ಅವರ ಕಸುಬು. ನೋರಾಳದು ಗಿಟಾರು. ಡೇಲ್‌ನದು ಬ್ಯಾಂಜೋ, ದಪ್ಪು ಎಂಬ ದುಂಡನೆಯ ಚರ್ಮವಾದ್ಯಕ್ಕೆ ಉದ್ದನೆಯ ಹಿಡಿಕೆ ಹಚ್ಚಿ ಮೇಲೆ ತಂತಿ ಬಿಗಿದಂಥ ವಾದ್ಯ. ಡೇಲ್ ಮುಖ್ಯ ದನಿಯಲ್ಲಿ ಹಾಡಿದರೆ ನೋರಾ ಅದರ ಬೆನ್ನಿಗೆ ತನ್ನ ದನಿ ಕೊಡುತ್ತಿದ್ದಳು. ಡೇಲ್ ಎತ್ತರದ ಆಳು, ನಗುಮುಖದವನು. ಹದಿನೈದು ದಿನದಲ್ಲಿ ಬಾದಾಮಿಯ ಪ್ಯಾಟಿಯಲ್ಲಿ ಡೇಲಪ್ಪ ಎನಿಸಿಕೊಂಡ. ಬೇವೂರಿನಿಂದ ಆಗಾಗ ಬರುತ್ತಿದ್ದ ನನ್ನ ಚಿಗವ್ವ, ನಮ್ಮವ್ವನ ತಂಗಿ ಗಂಗವ್ವ, ನೋರಾಳನ್ನು ಮೊದಲ ದಿನದಿಂದಲೇ "ನೂರವ್ವಾ" ಎಂದು ಕರೆದಳು. ನೋರಾ ಅದಕ್ಕೆ "ಓ" ಎನ್ನುವುದನ್ನೂ ಕಲಿತಳು.

ಚಿಗವ್ವನ ವಿಷಯ ಇಲ್ಲಿ ಹೇಳಿಬಿಡಬೇಕು. ಅವಳು ಹರೆಯದಲ್ಲಿ ನಾಗೇಶಿ ಹಾಡಿದವಳು. ನಮ್ಮ ಕಡೆ ಹರದೇಶಿ–ನಾಗೇಶಿ ಎಂಬ ಹಾಡಿಕೆಯಿದೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ಒಬ್ಬರು ಹಾಡಿನಲ್ಲೇ ಸವಾಲು ಎಸೆಯಬೇಕು, ಇನ್ನೊಬ್ಬರು ಹಾಡಿನಲ್ಲೇ ಅದನ್ನು ಬಿಡಿಸಬೇಕು. ದಪ್ಪು, ಒಂಟಿ ತಂತಿಯ ತುಂತುಣಿ, ಕೊಂಕುಮಾತು, ನಗೆ, ಸಿಟ್ಟು ಎಲ್ಲವೂ ಅದರಲ್ಲಿರುತ್ತವೆ. ಚಿಗವ್ವನ ಎದುರು ಹಾಡಲು ಹುನಗುಂದದ ಕಡೆಯ ಗಂಡಸರು ಅಂಜುತ್ತಿದ್ದರಂತೆ. ಇದು ಅವಳೇ ಹೇಳಿದ್ದು.

ಆ ಚಳಿಗಾಲದ ಹವೆ ಬಹಳ ಒಣಗಿತ್ತು. ಬೆಳಿಗ್ಗೆ ಬೀಸುವ ಗಾಳಿಗೆ ತುಟಿ ಒಡೆಯುತ್ತಿತ್ತು, ಡೇಲ್‌ನ ಬ್ಯಾಂಜೋದ ಚರ್ಮ ಬಿಗಿದುಕೊಂಡು ಶ್ರುತಿ ಏರುತ್ತಿತ್ತು. ಅವನು ದಿನವೂ ಮಹಡಿಯ ಮೆಟ್ಟಿಲ ಮೇಲೆ ಕೂತು ಅದನ್ನು ಸರಿಮಾಡುತ್ತಿದ್ದ. ಅಭ್ಯಾಸ ಮಾಡುವಾಗ ಇಬ್ಬರ ದನಿ ಎಷ್ಟು ಚೆನ್ನಾಗಿ ಕೂಡುತ್ತಿತ್ತೆಂದರೆ ನಾನು ಒಗ್ಗರಣೆ ಸೀಯುವವರೆಗೂ ಕೇಳುತ್ತ ನಿಲ್ಲುತ್ತಿದ್ದೆ. ಹಾಡು ನಿಂತ ಮೇಲೆ ಮಾತ್ರ ಮಹಡಿಯಿಂದ ಒಂದು ಸಪ್ಪಳವೂ ಕೇಳಿಸುತ್ತಿರಲಿಲ್ಲ. ಅವನು ಕೆಳಗೆ ಬಂದು ಚಹಾ ಕುಡಿದು ಹೋದ ಮೇಲೆ ಅವಳು ಬರುತ್ತಿದ್ದಳು. ಗಂಡ ಹೆಂಡತಿ ಜಗಳವಾಡಿದರೆ ನನಗೆ ತಿಳಿಯುತ್ತದೆ, ನಾನೂ ಆಡುತ್ತೇನೆ. ಇಲ್ಲಿ ಜಗಳವೂ ಇರಲಿಲ್ಲ. ಇದೇ ನನ್ನನ್ನು ಹೆದರಿಸಿತು.

ಒಂದು ಮಧ್ಯಾಹ್ನ ಚಿಗವ್ವ ಹೊಲದಿಂದ ತೆನೆ ತಂದಿದ್ದಳು. ಹಿತ್ತಲಲ್ಲಿ ಸೀತನಿ ಸುಟ್ಟು ಕೊಟ್ಟು, ಚಟ್ನಿಪುಡಿ ತರಲು ಒಳಗೆ ಹೋದಳು. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುತ್ತ ನೋರಾ ತಲೆಯೆತ್ತದೆ ಮಾತಾಡಿದಳು.

ಎರಡು ವರ್ಷದ ಹಿಂದೆ ಅವಳ ತಾಯಿಗೆ ಹುಷಾರಿರಲಿಲ್ಲ. ಇವರು ದೂರದ ಊರೊಂದರಲ್ಲಿ ಹಾಡುತ್ತಿದ್ದರು. ನಡುವೆ ಬಿಡುವು ಸಿಕ್ಕಾಗ ಫೋನು ಬಂತು. ಫೋನು ಡೇಲ್‌ನ ಹತ್ತಿರವಿತ್ತು. ತಾಯಿ ತೀರಿಕೊಂಡಿದ್ದಳು. ಡೇಲ್ ಫೋನನ್ನು ಕಿಸೆಯಲ್ಲಿಟ್ಟುಕೊಂಡು, ಬಾ ಎಂದು ಅವಳನ್ನು ಕರೆದುಕೊಂಡು ಮತ್ತೆ ವೇದಿಕೆ ಹತ್ತಿದ. ಕಾರ್ಯಕ್ರಮ ಪೂರ್ತಿ ಮುಗಿದ ಮೇಲೆ ಹೇಳಿದ.

"ನಮ್ಮಮ್ಮ ಸತ್ತಿದ್ದಳು ಶೈಲಾ, ನಾನು ನಗುನಗುತ್ತ ಜನರನ್ನು ಕುಣಿಸುತ್ತಿದ್ದೆ" ಎಂದಳು. "ಕೇಳಿದರೆ, ‘ಅಷ್ಟು ದೂರದಿಂದ ನೀನೇನು ಮಾಡಬಹುದಿತ್ತು, ಸ್ವಲ್ಪ ಹೊತ್ತಾದರೂ ನಿನಗೆ ದುಃಖ ಇಲ್ಲದಿರಲಿ ಅಂದುಕೊಂಡೆ’ ಅಂತಾನೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಯಾವತ್ತೋ ಬಿಟ್ಟುಹೋಗುತ್ತಿದ್ದೆ."

ಆಮೇಲೆ ತಾನು ಹೋಗುತ್ತಿರುವುದನ್ನೂ ಹೇಳಿದಳು. ನವನಗರದಲ್ಲಿ ನಮ್ಮ ಕಾಲೇಜಿನವರು ಏರ್ಪಡಿಸಿದ್ದ ಕಾರ್ಯಕ್ರಮ ಅವರ ಕೊನೆಯದು. ಮರುದಿನ ಅವಳು ಒಬ್ಬಳೇ ಊರಿಗೆ ಹೊರಡುವವಳು. ಡೇಲ್‌ಗೆ ಗೊತ್ತಿಲ್ಲ.

"ಅವನಿಗೆ ಯಾವಾಗ ಹೇಳ್ತೀಯ?" ಎಂದೆ.

"ಕಾರ್ಯಕ್ರಮ ಮುಗಿದ ಮೇಲೆ. ಮೊದಲೇ ಹೇಳಿದರೆ ಅವನು ಹಾಡಲಾರ."

ಚಿಗವ್ವ ಚಟ್ನಿಪುಡಿ ತಂದಳು. ನಾನು ನನ್ನ ಪಾಲಿನ ಕಾಳನ್ನು ನೋರಾಳ ಕೈಗೆ ಸುರಿದೆ. ಅಂದಿನಿಂದ ಡೇಲ್ ಚಹಾಕ್ಕೆ ಬಂದಾಗಲೆಲ್ಲ ನಾನು ಒಲೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಅವನು ಮುಂದಿನ ಬೇಸಿಗೆಯಲ್ಲಿ ಎಲ್ಲೆಲ್ಲಿ ಹಾಡಬೇಕೆಂದು ಉತ್ಸಾಹದಿಂದ ಹೇಳುತ್ತಿದ್ದ. "ನಾವು" ಎನ್ನದೆ ಅವನ ಬಾಯಲ್ಲಿ ಒಂದು ಮಾತೂ ಬರುತ್ತಿರಲಿಲ್ಲ. ಮಾತಾಡಬೇಡ ಅಂತ ಅನ್ನಲಾಗುತ್ತದೆಯೇ? ಬೇಯುತ್ತಿದ್ದ ಅನ್ನಕ್ಕೆ ಎರಡೆರಡು ಸಲ ಉಪ್ಪು ಹಾಕಿದೆ.

ಸಾಲದು ಎಂಬಂತೆ ಕಾರ್ಯಕ್ರಮದ ಹಿಂದಿನ ದಿನ ನವನಗರದ ಬಸ್ ನಿಲ್ದಾಣದ ಗೋಡೆಯ ಮೇಲೆ ಪೋಸ್ಟರು ಕಂಡೆ. ಇಬ್ಬರ ಫೋಟೋದ ಮೇಲೆ ದಪ್ಪಕ್ಷರದಲ್ಲಿ: "ಅಮೆರಿಕಾದ ಹರದೇಶಿ–ನಾಗೇಶಿ. ಗಂಡು ಹೆಚ್ಚೋ? ಹೆಣ್ಣು ಹೆಚ್ಚೋ? ಬಂದು ಕೇಳಿರಿ!"

ಓಡಿಹೋಗಿ ನದಾಫ್ ಸರ್ ಅವರನ್ನು ಹಿಡಿದೆ.

"ಏನ್ ಮಾಡೀರಿ ಸರ್ ಇದು? ಅವರು ವಾದ ಹಾಡವರಲ್ಲ! ಇಬ್ಬರೂ ಕೂಡಿ ಒಂದ ಹಾಡು ಹಾಡ್ತಾರ!"

ಅವರಿಗೆ ನನ್ನ ಗಾಬರಿ ಅರ್ಥವೇ ಆಗಲಿಲ್ಲ. "ಅಲ್ರೀ ಮೇಡಂ, ಗಂಡ ಒಬ್ಬಾಂವ, ಹೆಣ್ಣ ಒಬ್ಬಾಕಿ. ತಂತಿ ಐತಿ, ದಪ್ಪಿನಂಥಾದ್ದೂ ಐತಿ. ಜಾನಪದ. ನಮ್ಮ ಕಡೆ ಅದಕ್ಕ ಬ್ಯಾರೆ ಹೆಸರರ ಏನೈತ್ರಿ? ಜೋಡಿ ಗಾಯನ ಅಂತ ಹಾಕಿದ್ರ ನಾವು ನೀವು ಕುರ್ಚಿ ಎಣಿಸ್ಕೋತ ಕುಂದ್ರಬೇಕಾಕ್ಕಿತ್ತು. ಈಗ ನೋಡ್ರಿ, ಇಳಕಲ್ಲಿಂದ ಟೆಂಪೋ ಮಾಡ್ಕೊಂಡ ಬರಾಕತ್ತಾರ!"

ಬಂದರು. ಇಳಕಲ್ಲಿನಿಂದ, ಹುನಗುಂದದಿಂದ, ಬೇವೂರಿನಿಂದ. ಮರುದಿನ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಕಾಲೇಜಿನ ಮೈದಾನ ತುಂಬಿತ್ತು. ಹಾಡಿಕೆಯ ಹುಚ್ಚಿನ ಮಂದಿ, ಸೆರಗು ಹೊದ್ದ ಹೆಂಗಸರು, ಹಣ್ಣು ಹಣ್ಣು ಮುದುಕರು. ಎಲ್ಲರೂ ಒಂದು ಜಗಳ ನೋಡಲು ತಯಾರಾಗಿ ಬಂದಿದ್ದರು. ಊರ ಪಕ್ಕದ ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಚಿಗವ್ವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು, ತೊಡೆಯ ಮೇಲೆ ಹಳೆಯ ದಪ್ಪು. ಯಾಕೆ ತಂದೆ ಎಂದರೆ "ಇರಲಿ ತಗೋ" ಎಂದಳು. ನಾನು ವೇದಿಕೆಯ ಮೇಲೆ ಅನುವಾದಕ್ಕೆಂದು ಮೈಕು ಹಿಡಿದು ನಿಂತಿದ್ದೆ.

ಮೊದಲ ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಎರಡನೆಯದಕ್ಕೆ ಕಡಿಮೆಯಾಯಿತು. ಮೂರನೆಯದರ ನಡುವೆ ಹಿಂದಿನಿಂದ ಒಂದು ದನಿ ಬಂತು.

"ಏ ಇಬ್ಬರೂ ಒಂದ ಹಾಡಾ ಹಾಡಾಕತ್ತಾರಲ್ಲೋ! ವಾದ ಯಾವಾಗ?"

ಇನ್ನೊಬ್ಬ ಸೀಟಿ ಹೊಡೆದ. "ಸವಾಲ್ ಹಾಕ್ರಿ, ಸವಾಲ್!"

ಡೇಲ್ ನನ್ನ ಕಡೆ ನೋಡಿದ. ನಾನು ತೊದಲುತ್ತ ಎಲ್ಲ ವಿವರಿಸಿದೆ, ಪೋಸ್ಟರು, ಹರದೇಶಿ, ನಾಗೇಶಿ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. ಇದೇನು ಮಹಾ, ಅಲ್ಲಲ್ಲೇ ಸಾಲು ಕಟ್ಟಿ ಹಾಡುವುದು ನಮಗೂ ಗೊತ್ತು ಎಂದ. ನೋರಾ "ಬೇಡ ಡೇಲ್" ಎಂದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಅವನು ಬ್ಯಾಂಜೋ ಮೀಟಿಯಾಗಿತ್ತು.

ಪೆಟ್ಟಿಗೆ ಹೊರುವವನು ಗಂಡಸು, ಗಾಡಿ ನಡೆಸುವವನು ಗಂಡಸು ಎಂದು ಹಾಡಿದ. ನಾನು ಕನ್ನಡದಲ್ಲಿ ಹೇಳಿದೆ. ಗಂಡಸರ ಕಡೆ ಕೇಕೆ ಎದ್ದಿತು. ಎಲ್ಲರೂ ನೋರಾಳ ಕಡೆ ತಿರುಗಿದರು. ಅವಳು ಬೇರೆ ದಾರಿಯಿಲ್ಲದೆ ಗಿಟಾರು ಎತ್ತಿದಳು. ಗಾಡಿ ದಾರಿ ತಪ್ಪಿದಾಗ ಯಾರನ್ನೂ ಕೇಳದೆ ಇನ್ನೂ ಮುಂದೆ ಹೋಗುವವನೂ ಗಂಡಸೇ ಎಂದು ಹಾಡಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಚಿಗವ್ವ ದಪ್ಪಿಗೆ ಒಂದು ಏಟು ಹಾಕಿ "ಭಲೇ ನೂರವ್ವಾ!" ಎಂದಳು. ನೋರಾಳೂ ನಕ್ಕಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದನ್ನು ನಾನು ಆ ಚಳಿಗಾಲದಲ್ಲಿ ಮೊದಲ ಸಲ ಕಂಡದ್ದು ಆಗಲೇ. ದೇವರೇ, ಹೀಗೇ ಮುಗಿಯಲಿ ಎಂದುಕೊಂಡೆ.

ಡೇಲ್‌ಗೆ ಹುರುಪು ಹತ್ತಿತ್ತು. ಮುಂದಿನ ಸಾಲು ಕಟ್ಟಿದ. ಮಳೆ ಬರಲಿ, ಸಿಡಿಲು ಬೀಳಲಿ, ಏನೇ ಆದರೂ ನಡುವೆ ಹಾಡು ನಿಲ್ಲಿಸದವನು ಗಂಡಸು.

ಅದನ್ನು ಕನ್ನಡಕ್ಕೆ ತರುವಾಗ ನನಗೆ ನೋರಾಳ ತಾಯಿ ಸತ್ತ ದಿನದ ಆ ಹಾಡಿಕೆ ನೆನಪಾಯಿತು. ಅವನಿಗೆ ಆ ಗಳಿಗೆಯಲ್ಲಿ ಅದರ ನೆನಪೇ ಇರಲಿಲ್ಲ, ಸುಮ್ಮನೆ ಪ್ರಾಸಕ್ಕೆ ಹಾಡಿದ್ದ. ನೋರಾಳ ಮುಖದಲ್ಲಿದ್ದ ನಗೆ ಒಮ್ಮೆಲೇ ಹೋಯಿತು. ಅವಳು ಗಿಟಾರನ್ನು ಬದಿಗಿಟ್ಟಳು. ಜನ ಇದೂ ಆಟದ ಪೈಕಿ ಎಂದು ತಿಳಿದು ಸುಮ್ಮನಾದರು. ವಾದ್ಯವಿಲ್ಲದೆ, ಮೈಕಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹಾಡಿದಳು. ಎರಡೇ ಸಾಲು.

ಹಾಡಿ ಮುಗಿಸಿ ಅವನನ್ನೇ ನೋಡುತ್ತ ನಿಂತಳು. ಡೇಲ್‌ನ ಕೈ ತಂತಿಯ ಮೇಲೆ ಹಾಗೇ ಉಳಿಯಿತು.

"ಏನ್ ಕೇಳಿದ್ಳರೀ ಮೇಡಂ? ಹೇಳ್ರಿ!" ಮೈದಾನದಿಂದ ಕೂಗು.

ಏನಾದರೂ ಪುರಾಣದ ಸವಾಲು ಹೇಳಿ ಪಾರಾಗಬಹುದಿತ್ತು. ಬ್ರಹ್ಮ ಮೊದಲೋ ಶಕ್ತಿ ಮೊದಲೋ ಎಂದರೆ ನಂಬುತ್ತಿದ್ದರು. ಆದರೆ ಚಿಗವ್ವ ನನ್ನನ್ನು ನೋಡುತ್ತಿದ್ದಳು. ಚಿಕ್ಕಂದಿನಿಂದ ಅವಳೆದುರು ನನಗೆ ಸುಳ್ಳು ಹೇಳಲು ಬಂದಿಲ್ಲ.

"ಆಕಿ ಕೇಳ್ಯಾಳ" ಎಂದೆ, ನನ್ನ ದನಿ ನನಗೇ ಬೇರೆಯವರದೆನ್ನಿಸಿತು. "ನಮ್ಮವ್ವ ಸತ್ತಾಳಂತ ನಿನಗ ಸುದ್ದಿ ಬಂದಿತ್ತು. ಅದನ್ನ ಮುಚ್ಚಿಟ್ಟು ನನ್ನ ಕಡೆ ಹಾಡಿಸಿದಿ. ನಿನಗ ಗೊತ್ತಾದ ಮ್ಯಾಲ ಎಷ್ಟ ಹಾಡ ಹಾಡಿಸಿದಿ? ಇದ ಆಕಿ ಸವಾಲು."

ಹೆಂಗಸರ ಸಾಲಿನಲ್ಲಿ ಯಾರೋ "ಅಯ್ಯ ನನ ಶಿವನ" ಎಂದರು. ನದಾಫ್ ಸರ್ ವೇದಿಕೆಯ ಬದಿಯಲ್ಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಇದು ಆಟವಲ್ಲವೆಂದು ಅಷ್ಟೂ ಜನಕ್ಕೆ ತಿಳಿದಿತ್ತು. ಆದರೂ ಸವಾಲು ಸವಾಲೇ, ಅದಕ್ಕೆ ಉತ್ತರ ಬರಬೇಕು. ಯಾರೂ ಎದ್ದುಹೋಗಲಿಲ್ಲ.

ಡೇಲ್ ಓಡಿಹೋಗುತ್ತಾನೆ ಅನ್ನಿಸಿತು ನನಗೆ. ಇಲ್ಲವೇ ಕೂಗಾಡುತ್ತಾನೆ. ಅವನು ಬ್ಯಾಂಜೋದ ಮೇಲೆ ಬಾಗಿ, ನಿಧಾನಕ್ಕೆ ಒಂದು ಧಾಟಿ ನುಡಿಸಿದ. ಹಾಡಿನ ಎತ್ತುಗಡೆ, ಮೊದಲ ತುಣುಕು ಮಾತ್ರ. ನಿಲ್ಲಿಸಿದ. ಇನ್ನೊಂದು ಹಾಡಿನ ಎತ್ತುಗಡೆ. ನಿಲ್ಲಿಸಿದ. ಮಹಡಿಯಲ್ಲಿ ಅವರು ಅಷ್ಟು ದಿನ ಅಭ್ಯಾಸ ಮಾಡಿದ್ದರೂ ಈ ಧಾಟಿಗಳನ್ನು ನಾನು ಕೇಳಿರಲಿಲ್ಲ. ತಾಯಿಯ ಸಾವಿನ ಸುದ್ದಿ ಬಂದ ಆ ದಿನದ ನಂತರ ಅವರು ಈ ಹಾಡುಗಳನ್ನು ಮುಟ್ಟಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಮೂರನೆಯದಕ್ಕೆ ನೋರಾ ಕಣ್ಣು ಮುಚ್ಚಿಕೊಂಡಳು. ನಾಲ್ಕನೆಯದು ಕುಣಿತದ ಹಾಡು. ಅದರ ನಡುವೆ ಅವನ ಬೆರಳು ತಡವರಿಸಿತು.

"ನಾಲ್ಕು" ಎಂದ ಡೇಲ್. "ಪ್ರತಿಯೊಂದು ಮುಗಿದಾಗಲೂ ಹೇಳಬೇಕೆಂದುಕೊಂಡೆ. ಆಗಲಿಲ್ಲ."

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ನೋರಾ ತಲೆಯಾಡಿಸಿದಳು, ಲೆಕ್ಕ ಸರಿಯಿದೆ ಎಂಬಂತೆ. ಅವನು ಎಣಿಸಿಟ್ಟುಕೊಂಡಿದ್ದಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದು ಅವಳ ಮುಖ ಹೇಳುತ್ತಿತ್ತು. ಡೇಲ್ ಬ್ಯಾಂಜೋವನ್ನು ಕೊರಳಿನಿಂದ ತೆಗೆದು ಅವಳ ಕಾಲ ಬಳಿ ನೆಲದ ಮೇಲಿಟ್ಟ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಕಾಗಿ ಇಟ್ಟನೋ ಏನೋ. ಆದರೆ ನಮ್ಮ ಹಾಡಿಕೆಯವರಿಗೆ ಅದರ ಅರ್ಥ ಒಂದೇ.

"ಸೋತಾ!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಬಾಯಿ ಮುಚ್ಚಲೇ!" ಚಿಗವ್ವ ಎದ್ದಳು. ಮಂಡಿ ಹಿಡಿದುಕೊಂಡು ವೇದಿಕೆ ಹತ್ತಿದಳು. ನೆಲದ ಮೇಲಿನ ಬ್ಯಾಂಜೋ ನೋಡಿದಳು, ನೋರಾಳನ್ನು ನೋಡಿದಳು.

"ನೂರವ್ವಾ, ನಮ್ಮ ಮ್ಯಾಳದಾಗ ಒಂದ ರೂಢಿ ಐತಿ. ವಾದ ಹಾಡಿದ ಮ್ಯಾಲ ಮಂಗಳಾರತಿ ಹಾಡಲಾರದ ಏಳಬಾರದು. ಅದನ್ನ ಎರಡೂ ಕಡೆಯವರು ಕೂಡೇ ಹಾಡಬೇಕು. ಸೋತಾಂವ ದಪ್ಪ ಇಟ್ಟಾನ. ಗೆದ್ದಾಕಿನ ಎತ್ತಿ ಕೊಡಬೇಕವ್ವಾ. ಅಲ್ಲೀತನಾ ಈ ಮಂದಿ ಏಳೂದಿಲ್ಲ, ನಾನೂ ಏಳಸೂದಿಲ್ಲ" ಎಂದಳು. ನನಗೆ, "ಹೇಳ ಆಕಿಗೆ."

ಹೇಳಿದೆ. ನೋರಾ ಅಲ್ಲಾಡಲಿಲ್ಲ. ಗಾಳಿಗೆ ಬ್ಯಾನರು ಪಟಪಟ ಹೊಡೆದುಕೊಳ್ಳುತ್ತಿತ್ತು. ಎತ್ತಿಕೊಡು ತಾಯಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದ ನನಗೆ, ಯಾಕೆ ಎತ್ತಿಕೊಡಬೇಕು ಎಂದೂ ಅನ್ನಿಸುತ್ತಿತ್ತು. ಅವಳು ಎತ್ತದೆ ನಡೆದುಹೋಗಿದ್ದರೆ ಅಲ್ಲಿದ್ದ ಒಬ್ಬ ಹೆಂಗಸೂ ಅವಳನ್ನು ಬೈಯುತ್ತಿರಲಿಲ್ಲ.

ಅವಳು ಬಾಗಿದಳು. ಬ್ಯಾಂಜೋ ಎತ್ತಿ ಅವನ ಕಡೆ ಚಾಚಿದಳು. ಮೈದಾನದಲ್ಲಿ ಚಪ್ಪಾಳೆ ಶುರುವಾಯಿತು, ಹೆಂಗಸರ ಕಡೆಯಿಂದಲೇ ಮೊದಲು. ಡೇಲ್ ಎರಡೂ ಕೈಯಲ್ಲಿ ಹಿಡಿದ. ಅವಳು ಮಾತ್ರ ಬಿಡಲಿಲ್ಲ. ಹಿಡಿದುಕೊಂಡೇ, ಮೈಕಿನಿಂದ ಮುಖ ತಿರುಗಿಸಿ, ಅವನಿಗಷ್ಟೇ ಕೇಳುವಂತೆ ಹೇಳಿದಳು. ನಡುವೆ ನಿಂತಿದ್ದ ನನಗೂ ಕೇಳಿಸಿತು.

"ನಾನು ನಾಳೆ ಊರಿಗೆ ಹೋಗುತ್ತಿದ್ದೇನೆ ಡೇಲ್. ಒಬ್ಬಳೇ. ಹಾಡೆಲ್ಲ ಮುಗಿದ ಮೇಲೆ ಹೇಳಬೇಕು ಅಂದುಕೊಂಡಿದ್ದೆ. ಆದರೆ ಮುಗಿಯುವವರೆಗೆ ನಿನಗೆ ಹೇಳದೆ ಮುಚ್ಚಿಡುವುದಿಲ್ಲ."

ಹೇಳಿ ಕೈ ಬಿಟ್ಟಳು.

"ಏನಂದ್ಳರೀ? ಮೇಡಂ, ಈಗೇನಂದ್ಳು?" ನದಾಫ್ ಸರ್ ಅವರೇ ಕೇಳಿದರು. ಅಷ್ಟೂ ಮುಖ ನನ್ನ ಕಡೆ ತಿರುಗಿದವು.

"ಅದನ್ನ ನಾ ಹೇಳೂದಿಲ್ರಿ" ಎಂದು ಮೈಕನ್ನು ಕೆಳಗಿಟ್ಟೆ.

ಚಿಗವ್ವ ಇನ್ನೊಂದು ಮಾತಿಗೆ ಎಡೆಗೊಡದೆ ದಪ್ಪು ಬಾರಿಸಿದಳು. ಮಂಗಳಾರತಿಯ ಮೊದಲ ಸಾಲು ಎತ್ತಿಕೊಂಡಳು. ನೋರಾ ಮೈಕಿನ ಮುಂದೆ ನಿಂತು ಅದರ ಧಾಟಿ ಹಿಡಿದಳು, ಈ ಸಲ ತಾನೇ ಮುಖ್ಯ ದನಿಯಲ್ಲಿ. ಡೇಲ್ ಬ್ಯಾಂಜೋವನ್ನು ಕೊರಳಿಗೆ ಹಾಕಿಕೊಂಡ. ಸರಿಯಾಗಿದ್ದ ಒಂದು ತಂತಿಯನ್ನು ಸುಮ್ಮನೆ ತಿರುವಿದ. ತೋಳಿನಿಂದ ಮುಖ ಒರೆಸಿಕೊಂಡ. ಚಿಗವ್ವ ಅವನನ್ನು ನೋಡಿ ಅದೇ ಸಾಲನ್ನು ಮತ್ತೆ ಹಾಡಿದಳು, ಅವನು ದನಿ ಕೂಡಿಸಲಿಲ್ಲ, ಇನ್ನೊಮ್ಮೆ ಹಾಡಿದಳು. ಮೂರನೆಯ ಸಲಕ್ಕೆ ನೋರಾಳ ದನಿಯ ಬೆನ್ನಿಗೆ ಅವನ ದನಿ ಬಂದು ಕೂಡಿತು. ಅವಳು ನಾಳೆ ಹೋಗುವುದು ಗೊತ್ತಿದ್ದೂ ಅವನು ಕೊನೆಯವರೆಗೆ ಹಾಡಿದ.